ಪೇಸ್‌ಮೇಕರ್ ಕೂರಿಸಿದ ಮೇಲೆ ನೋಡುವವರು ಯಾರು?

ಮಾನ್ಯ ಸಂಪಾದಕರೇ,

ಹೃದಯಕ್ಕೆ ವಿದ್ಯುತ್ ಮಿಡಿತ ಕೊಟ್ಟು ಬಡಿಸುವ ಪೇಸ್‌ಮೇಕರ್ ಬಗ್ಗೆ ಪತ್ರಿಕೆಗಳಲ್ಲಿ ಬರುವ ಸುದ್ದಿ ಬಹುಪಾಲು ಒಂದೇ ಅಚ್ಚಿನದು. ಎಂಬತ್ತು ದಾಟಿದ ಅಜ್ಜಿಗೆ ಯಶಸ್ವಿ ಅಳವಡಿಕೆ, ಪಕ್ಕದಲ್ಲಿ ವೈದ್ಯರ ತಂಡದ ಫೋಟೊ. ಅಳವಡಿಕೆ ಒಂದೆರಡು ಗಂಟೆಯ ಕೆಲಸ. ಆಮೇಲೆ ಆ ಸಾಧನ ಎದೆಯೊಳಗೆ ಎಂಟು, ಹತ್ತು, ಕೆಲವರಲ್ಲಿ ಹನ್ನೆರಡು ವರ್ಷ ದುಡಿಯುತ್ತದೆ. ಅಷ್ಟು ವರ್ಷ ಅದನ್ನು ಯಾರು ನೋಡಬೇಕು, ಎಷ್ಟು ತಿಂಗಳಿಗೊಮ್ಮೆ, ಏನನ್ನು ನೋಡಬೇಕು ಎಂಬುದು ಹೊಲಿಗೆ ಬಿಚ್ಚಿದ ದಿನವೇ ಮರೆತುಹೋಗುತ್ತದೆ. ಈ ಸಾಧನಗಳ ತಪಾಸಣೆಯೇ ಕಸುಬಾಗಿರುವ ನಾವು ಬರೆಯುತ್ತಿರುವುದು ಆ ಮರೆತ ಭಾಗದ ಬಗ್ಗೆ. ಪತ್ರ ಉದ್ದವಾಗಿದೆ, ಜಾಗ ಮಾಡಿಕೊಡುತ್ತೀರೆಂದು ನಂಬಿದ್ದೇವೆ.

ಮೊದಲು ಒಂದು ಪದದ ಎಡವಟ್ಟು. ವೈದ್ಯರು ‘ಹಾರ್ಟ್ ಬ್ಲಾಕ್’ ಅಂದರೆ ಮನೆಯವರ ಕಿವಿಗೆ ಅದು ‘ರಕ್ತನಾಳದಲ್ಲಿ ಬ್ಲಾಕ್’ ಎಂದೇ ಕೇಳಿಸುತ್ತದೆ. ‘ಸ್ಟೆಂಟ್ ಹಾಕ್ತಾರಂತೆ’ ಎಂದು ಊರಿಗೆ ಫೋನ್ ಹೋಗುತ್ತದೆ. ಎರಡೂ ಬೇರೆ ಬೇರೆ. ಒಂದು ನಲ್ಲಿ ಕಟ್ಟಿಕೊಂಡ ತೊಂದರೆ, ಇನ್ನೊಂದು ಕರೆಂಟಿನದು. ಹೃದಯದ ಮೇಲಿನ ಕೋಣೆಯಾದ ಬಲ ಹೃತ್ಕರ್ಣದ ಮೇಲ್ಭಾಗದಲ್ಲಿ ನಿಮಿಷಕ್ಕೆ 60ರಿಂದ 100 ಸಲ ಹುಟ್ಟುವ ವಿದ್ಯುತ್ ಸಂಕೇತ ಕೆಳಗಿನ ಕೋಣೆಯಾದ ಹೃತ್ಕುಕ್ಷಿಗೆ ಇಳಿಯದೆ ನಡುದಾರಿಯಲ್ಲೇ ನಿಂತರೆ ಅದು ಹಾರ್ಟ್ ಬ್ಲಾಕ್. ಪೂರ್ತಿ ನಿಂತಾಗ ಹೃತ್ಕುಕ್ಷಿ ತನ್ನಷ್ಟಕ್ಕೆ ತಾನು ನಿಮಿಷಕ್ಕೆ 30–40 ಸಲ ಬಡಿಯುತ್ತ ಹೇಗೋ ಕಾಲ ತಳ್ಳುತ್ತದೆ. ನಡುವೆ ಕೆಲವು ಸೆಕೆಂಡು ಅದೂ ತಪ್ಪಿದರೆ ಮನುಷ್ಯ ನಿಂತಲ್ಲೇ ಕುಸಿಯುತ್ತಾನೆ. ಪೇಸ್‌ಮೇಕರ್ ಇರುವುದು ಇದಕ್ಕೆ. ಹೃದಯಾಘಾತವನ್ನು ಅದು ತಡೆಯುವುದಿಲ್ಲ, ಕಟ್ಟಿಕೊಂಡ ರಕ್ತನಾಳವನ್ನು ತೆರೆಯುವುದೂ ಇಲ್ಲ. ‘ಮೆಷಿನ್ ಇದೆಯಲ್ಲ’ ಎಂದು ಬಿಪಿ, ಶುಗರ್ ಮಾತ್ರೆ ನಿಲ್ಲಿಸುವವರು ಇದನ್ನು ದಯವಿಟ್ಟು ಎರಡು ಸಲ ಓದಬೇಕು.

ಹೀಗೆ ಕುಸಿದು ಬೀಳುವುದನ್ನು ಮೂರ್ಛೆರೋಗವೆಂದು ತಿಳಿದು ವರ್ಷಗಟ್ಟಲೆ ಅದರ ಮಾತ್ರೆ ನುಂಗುವವರಿದ್ದಾರೆ. ಬಿದ್ದಾಗ ಮೈ ಸ್ವಲ್ಪ ಅದುರುವುದರಿಂದ ಗೊಂದಲ ಸಹಜ. ಆದರೆ ಮುಖ ಬಿಳಿಚಿಕೊಂಡು, ಅರ್ಧ ಒಂದು ನಿಮಿಷದಲ್ಲಿ ಪೂರ್ಣ ಎಚ್ಚರ ಬಂದು, ‘ಏನಾಯ್ತು’ ಎಂದು ಸ್ಪಷ್ಟವಾಗಿ ಕೇಳುವವರ ನಾಡಿಯನ್ನು ಒಂದು ನಿಮಿಷ ಎಣಿಸಿ ಇಸಿಜಿ ತೆಗೆಸಲೇಬೇಕು. ಇದಕ್ಕೆ ತಿರುಗುಮುರುಗಾದದ್ದೂ ಉಂಟು. ಬಡಿತ 40ಕ್ಕೆ ಇಳಿದ ಮಾತ್ರಕ್ಕೆ ಪೇಸ್‌ಮೇಕರ್ ಬೇಕೆಂದಲ್ಲ. ಬಿಪಿಗೆ ಕೊಡುವ ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ಮಾತ್ರೆ, ಡಿಗಾಕ್ಸಿನ್, ವೆರಪಾಮಿಲ್, ಮೂತ್ರಪಿಂಡದ ತೊಂದರೆಯಲ್ಲಿ ಏರುವ ಪೊಟ್ಯಾಸಿಯಂ, ಥೈರಾಯ್ಡ್ ಕೊರತೆ ಇವೆಲ್ಲ ಬಡಿತವನ್ನು ಇಳಿಸುತ್ತವೆ. ಯಾರೂ ಕೇಳದ ಇನ್ನೊಂದು ಕಾರಣವಿದೆ: ಕಣ್ಣಿನ ಒತ್ತಡಕ್ಕೆ ಹಾಕುವ ಟಿಮೊಲಾಲ್ ಹನಿ. ಕಣ್ಣಿಗೆ ಹಾಕಿದ್ದು ಮೂಗಿನ ಮೂಲಕ ರಕ್ತಕ್ಕಿಳಿದು ಹೃದಯ ಮುಟ್ಟುತ್ತದೆ. ಮೊದಲು ಇವನ್ನು ಸರಿಪಡಿಸಿ ನೋಡಬೇಕು.

ಇನ್ನು ಸಾಧನ. ಮಾರಿ ಬಿಸ್ಕತ್ತಿಗಿಂತ ತುಸು ಚಿಕ್ಕದು, ತೂಕ 20ರಿಂದ 30 ಗ್ರಾಂ. ಟೈಟಾನಿಯಂ ಕವಚದೊಳಗೆ ಅರ್ಧಕ್ಕಿಂತ ಹೆಚ್ಚು ಜಾಗ ಲಿಥಿಯಂ ಬ್ಯಾಟರಿಗೇ ಹೋಗುತ್ತದೆ. ಅದರಿಂದ ಹೊರಡುವ ವೈರಿಗೆ ನಾವು ಲೀಡ್ ಅನ್ನುತ್ತೇವೆ. ಸಾಮಾನ್ಯವಾಗಿ 52 ಅಥವಾ 58 ಸೆಂ.ಮೀ. ಉದ್ದ. ತುದಿಯಲ್ಲಿ ಹೃದಯದ ಒಳಗೋಡೆಗೆ ತಿರುಗಿಸಿ ಕೂರಿಸುವ ಪುಟ್ಟ ಸ್ಕ್ರೂ, ಅದರ ಬುಡದಲ್ಲಿ ಉರಿಯೂತ ತಗ್ಗಿಸಲು ನಿಧಾನಕ್ಕೆ ಒಸರುವ ಚೂರು ಸ್ಟೀರಾಯ್ಡ್. ಒಂದು ಲೀಡ್ ಇದ್ದರೆ ಸಿಂಗಲ್ ಚೇಂಬರ್, ಮೇಲೊಂದು ಕೆಳಗೊಂದು ಇದ್ದರೆ ಡ್ಯುಯಲ್. ಹೆಚ್ಚು ಕೆಡುವುದು ಪೆಟ್ಟಿಗೆಯಲ್ಲ, ಈ ಲೀಡ್. ದಿನಕ್ಕೆ ಲಕ್ಷ ಸಲದ ಹತ್ತಿರ ಬಡಿಯುವ ಹೃದಯದೊಳಗೆ, ಕಾಲರ್ ಮೂಳೆ ಮತ್ತು ಮೊದಲ ಪಕ್ಕೆಲುಬಿನ ಸಂದಿಯಲ್ಲಿ, ತೋಳೆತ್ತಿದಾಗೆಲ್ಲ ಬಾಗುತ್ತ ಇರುವುದು ಅದೇ.

ತಪಾಸಣೆ ಅಂದರೆ ಸ್ಟೆತಸ್ಕೋಪ್ ಇಟ್ಟು ‘ಚೆನ್ನಾಗಿದೆ’ ಅನ್ನುವುದಲ್ಲ. ರೋಗಿಯನ್ನು ಅಂಗಾತ ಮಲಗಿಸಿ ಇಸಿಜಿ ತಂತಿ ಸಿಕ್ಕಿಸುತ್ತೇವೆ. ಕಾಲರ್ ಮೂಳೆಯ ಕೆಳಗೆ ಉಬ್ಬಿದ ಜಾಗದ ಮೇಲೆ ಸಾಧನವನ್ನು ಓದಿ ಹೊಂದಿಸುವ ಪ್ರೋಗ್ರಾಮರ್ ಯಂತ್ರದ ತಲೆ ಇಡುತ್ತೇವೆ. ಹೊಸ ಮಾದರಿಗಳಾದರೆ ಮುಟ್ಟದೆಯೇ ಮಾತಾಡುತ್ತವೆ. ಮುಖ್ಯ ಪರೀಕ್ಷೆಯ ಹೆಸರು ಥ್ರೆಶೋಲ್ಡ್, ಅಂದರೆ ಹೃದಯವನ್ನು ಬಡಿಸಲು ಬೇಕಾದ ಕನಿಷ್ಠ ವೋಲ್ಟೇಜ್. ಹೃದಯದ ಸ್ವಂತ ಗತಿಗಿಂತ ಸ್ವಲ್ಪ ಮೇಲೆ, 80ಕ್ಕೋ 90ಕ್ಕೋ, ಸಾಧನದ ಗತಿ ಏರಿಸಿ, ಅದು ಕೊಡುವ ಮಿಡಿತದ ವೋಲ್ಟೇಜನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತೇವೆ: 2.5, 2, 1.5, 1, 0.75. ಪರದೆಯ ಮೇಲೆ ಸಾಧನದ ಮಿಡಿತ ತೋರುವ ಪ್ರತಿ ಸಣ್ಣ ಗೀಟಿನ ಹಿಂದೆಯೂ, ಹೃದಯ ಬಡಿದದ್ದರ ಗುರುತಾಗಿ, ಒಂದು ಅಗಲವಾದ ಅಲೆ ಬರುತ್ತಿರುತ್ತದೆ. 0.5ಕ್ಕೆ ಇಳಿಸಿದಾಗ ಗೀಟು ಬಂತು, ಅಲೆ ಬರಲಿಲ್ಲ. ತಕ್ಷಣ ಯಂತ್ರದ ಗುಂಡಿಯಿಂದ ಬೆರಳು ಎತ್ತಿದರೆ ಸಾಧನ ಹಳೆಯ ವೋಲ್ಟೇಜಿಗೆ ಮರಳುತ್ತದೆ. ಆ ಒಂದೆರಡು ಸೆಕೆಂಡಿನಲ್ಲಿ ಮಲಗಿದವರಿಗೆ ಜೋಕಾಲಿ ಕೆಳಗಿಳಿದ ಹಾಗೆ ‘ಜುಂ’ ಅನ್ನಿಸುತ್ತದೆ, ಅದನ್ನು ಮೊದಲೇ ಹೇಳಿರಬೇಕು. ಅಂದರೆ ಈ ಹೃದಯಕ್ಕೆ ಬೇಕಾದದ್ದು 0.75 ವೋಲ್ಟ್. ಅದಕ್ಕೆ ಕನಿಷ್ಠ ಎರಡರಷ್ಟು ಇಟ್ಟರೆ ಭದ್ರ: 1.5, ಹೃದಯ ಪೂರ್ತಿ ಸಾಧನವನ್ನೇ ನಂಬಿದ್ದರೆ 2 ವೋಲ್ಟ್.

ಕೂರಿಸಿದ ದಿನ ಸಾಮಾನ್ಯವಾಗಿ 3.5 ವೋಲ್ಟ್ ಇಟ್ಟು ಕಳಿಸುತ್ತಾರೆ. ಅದು ಸರಿ, ಸ್ಕ್ರೂ ಕೂತ ಜಾಗ ಊದಿಕೊಂಡು ಮೊದಲ ಕೆಲವು ವಾರ ಥ್ರೆಶೋಲ್ಡ್ ಏರುತ್ತದೆ, ಆಮೇಲೆ ಇಳಿದು ನೆಲೆ ನಿಲ್ಲುತ್ತದೆ. ಮೂರು ತಿಂಗಳಿಗೆ ಬಂದು ಅದನ್ನು ಇಳಿಸಿಕೊಳ್ಳಬೇಕು. ಬಾರದಿದ್ದರೆ? ಪ್ರತಿ ಮಿಡಿತಕ್ಕೆ ತಗಲುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. 2ರ ಬದಲು 3.5 ಇದ್ದರೆ ಮಿಡಿತವೊಂದಕ್ಕೆ ಮೂರು ಪಟ್ಟು ಖರ್ಚು. ಸಾಧನದ ಒಳಗಿನ ಸರ್ಕ್ಯೂಟಿಗೂ ಬ್ಯಾಟರಿ ಬೇಕಾದ್ದರಿಂದ ಆಯಸ್ಸು ಮೂರನೇ ಒಂದಕ್ಕೆ ಇಳಿಯುವುದಿಲ್ಲ ನಿಜ, ಆದರೆ ವರ್ಷಗಳೇ ಸೋರಿಹೋಗುತ್ತವೆ. ಹದಿನೈದು ನಿಮಿಷದ ಒಂದು ಭೇಟಿ ತಪ್ಪಿದ್ದಕ್ಕೆ ಮುಂದೆ ಇನ್ನೊಂದು ಶಸ್ತ್ರಕ್ರಿಯೆ ಬೇಗ ಬರುತ್ತದೆ. ಕೆಲವು ಮಾದರಿಗಳು ಇದನ್ನು ತಾವೇ ಅಳೆದು ಹೊಂದಿಸಿಕೊಳ್ಳುತ್ತವೆ. ಆ ಸೌಲಭ್ಯ ಆನ್ ಆಗಿದೆಯೇ ಎಂದು ನೋಡುವುದಕ್ಕಾದರೂ ಒಮ್ಮೆ ಬರಬೇಕಲ್ಲ.

ಉಳಿದ ಅಂಕಿಗಳು ಬೇಗ ಮುಗಿಯುತ್ತವೆ. ಲೀಡಿನ ವಿದ್ಯುತ್ ಪ್ರತಿರೋಧ ಸಾಮಾನ್ಯವಾಗಿ ಕೆಲವು ನೂರರಿಂದ ಸಾವಿರ ಚಿಲ್ಲರೆ ಓಮ್. ಅದು ಇದ್ದಕ್ಕಿದ್ದಂತೆ 2,000 ದಾಟಿದರೆ ಒಳಗೆ ವೈರು ಮುರಿದಿದೆ ಅಥವಾ ಪೆಟ್ಟಿಗೆಯ ಬಾಯಲ್ಲಿ ಸ್ಕ್ರೂ ಸಡಿಲಾಗಿದೆ. 200ರ ಕೆಳಗಿಳಿದರೆ ಮೇಲಿನ ಹೊದಿಕೆ ಹರಿದಿದೆ. ಒಂದು ದಿನದ ಅಂಕಿಗಿಂತ ಹಿಂದಿನ ಭೇಟಿಯ ಅಂಕಿಯೊಂದಿಗೆ ಹೋಲಿಸಿದಾಗ ಕತೆ ಗೊತ್ತಾಗುತ್ತದೆ, ಹಾಗಾಗಿ ಪ್ರತಿ ಸಲದ ಪ್ರಿಂಟನ್ನು ಫೈಲಿನಲ್ಲಿ ಇಡಿ. ಅದು ಬಿಲ್ಲಿನ ಕಾಗದದ ಹಾಗೆ ಕೆಲವೇ ತಿಂಗಳಲ್ಲಿ ಮಾಸುತ್ತದೆ, ಒಂದು ಜೆರಾಕ್ಸ್ ಮಾಡಿಸಿ. ಸಾಧನದ ನೆನಪಿನಲ್ಲಿ ಇನ್ನೊಂದು ಬೆಲೆಬಾಳುವ ಮಾಹಿತಿ ಇರುತ್ತದೆ: ಹೃತ್ಕರ್ಣ ಎಂದಾದರೂ ಅಡ್ಡಾದಿಡ್ಡಿ ಕಂಪಿಸಿತ್ತೇ, ಎಷ್ಟು ಗಂಟೆ. ರೋಗಿಗೆ ಗೊತ್ತೇ ಆಗದ ಈ ಕಂಪನದಿಂದ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗಬಲ್ಲದು. ಅದನ್ನು ಮೊದಲೇ ಕಂಡು ರಕ್ತ ತೆಳುವಾಗಿಸುವ ಔಷಧ ಬೇಕೇ ಎಂದು ತೀರ್ಮಾನಿಸುವ ಅವಕಾಶ ತಪಾಸಣೆಗೆ ಬಂದವರಿಗೆ ಮಾತ್ರ.

ಬ್ಯಾಟರಿ ಒಮ್ಮೆಲೇ ಸಾಯುವುದಿಲ್ಲ. ಬದಲಿಸುವ ಹೊತ್ತು ಬಂದಾಗ ಸಾಧನ ಸೂಚನೆ ಕೊಡುತ್ತದೆ. ಅಲ್ಲಿಂದ ಸುಮಾರು ಮೂರು ತಿಂಗಳ ಕಾಲಾವಕಾಶ. ಕೆಲವು ಮಾದರಿಗಳು ಆ ಹಂತದಲ್ಲಿ ಶಕ್ತಿ ಉಳಿಸಲು ಎರಡು ಕೋಣೆಯ ಕೆಲಸ ಬಿಟ್ಟು ಕೆಳಗಿನ ಕೋಣೆಯನ್ನು ಮಾತ್ರ ನಿಮಿಷಕ್ಕೆ 65ರ ಏಕತಾನದಲ್ಲಿ ಬಡಿಸತೊಡಗುತ್ತವೆ. ಮೆಟ್ಟಿಲು ಹತ್ತಿದರೆ ಏದುಸಿರು, ಕತ್ತಿನ ನರ ಬಡಿಯುವುದು, ಸುಸ್ತು. ಮನೆಯವರು ‘ವಯಸ್ಸಾಯ್ತಲ್ಲ’ ಅನ್ನುತ್ತಾರೆ. ಹಳೆಯ ಪೇಸ್‌ಮೇಕರ್ ಇರುವವರಿಗೆ ಹೊಸ ಸುಸ್ತು ಬಂದರೆ ಮೊದಲ ಅನುಮಾನ ಬ್ಯಾಟರಿಯ ಮೇಲೆ ಇರಲಿ. ಬದಲಿಸುವಾಗ ಲೀಡ್ ಚೆನ್ನಾಗಿದ್ದರೆ ಪೆಟ್ಟಿಗೆ ಮಾತ್ರ ಬದಲಾಗುತ್ತದೆ. ಆದರೆ ಮತ್ತೆ ಮತ್ತೆ ತೆರೆದ ಜಾಗಕ್ಕೆ ಸೋಂಕಿನ ಭಯ ಹೆಚ್ಚು. ಬ್ಯಾಟರಿಯನ್ನು ಜತನದಿಂದ ಬಳಸಬೇಕೆಂದು ನಾವು ಗೋಗರೆಯುವುದು ಹಣಕ್ಕಷ್ಟೇ ಅಲ್ಲ.

1958ರ ಅಕ್ಟೋಬರ್ 8ರಂದು ಸ್ವೀಡನ್ನಿನ ಕರೋಲಿನ್ಸ್ಕಾ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಓಕೆ ಸೆನ್ನಿಂಗ್, ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ತಯಾರಿಸಿದ ಸಾಧನವನ್ನು ಆರ್ನೆ ಲಾರ್ಸನ್ ಎಂಬ ರೋಗಿಯ ದೇಹದೊಳಗೆ ಇಟ್ಟರು. ಪೂರ್ತಿ ದೇಹದೊಳಗಿದ್ದ ಮೊದಲ ಪೇಸ್‌ಮೇಕರ್ ಅದು. ಕೆಲವೇ ಗಂಟೆಗಳಲ್ಲಿ ಕೆಟ್ಟಿತು. ಲಾರ್ಸನ್ ಮಾತ್ರ 2001ರವರೆಗೆ, 86 ವರ್ಷ ಬದುಕಿದರು, ಕೊನೆಗೆ ತೀರಿಕೊಂಡದ್ದು ಕ್ಯಾನ್ಸರಿನಿಂದ. ಅಷ್ಟರಲ್ಲಿ ಅವರು ಬಳಸಿದ ಸಾಧನಗಳು 26. ಸಾಧನ ಕೆಟ್ಟಿತು, ನೋಡುವವರು ಕೈಬಿಡಲಿಲ್ಲ.

ನಮ್ಮಲ್ಲಿ ನೋಡಲು ಇರುವ ಅಡ್ಡಿ ಯಾವುದು? ಒಂದು ಕಂಪನಿಯ ಪೇಸ್‌ಮೇಕರ್‌ನ್ನು ಇನ್ನೊಂದು ಕಂಪನಿಯ ಪ್ರೋಗ್ರಾಮರ್ ಓದುವುದಿಲ್ಲ. ಮೆಡ್‌ಟ್ರಾನಿಕ್‌ಗೆ ಅದರದ್ದೇ ಯಂತ್ರ, ಅಬಾಟ್‌ಗೆ ಅದರದ್ದು, ಬಾಸ್ಟನ್ ಸೈಂಟಿಫಿಕ್, ಬಯೋಟ್ರಾನಿಕ್‌ಗೆ ಅವುಗಳದ್ದು. ದೊಡ್ಡ ಹೃದ್ರೋಗ ಕೇಂದ್ರಗಳಲ್ಲಿ ಇವೆಲ್ಲ ಸಾಲಾಗಿ ಇರುತ್ತವೆ. ಉಳಿದೆಡೆ ಕಂಪನಿಯ ಪ್ರತಿನಿಧಿ ಯಂತ್ರ ಹೊತ್ತು ಬಂದ ದಿನವೇ ತಪಾಸಣೆ. ಬೀದರಿನವರು ಕಲಬುರಗಿಗೆ, ಚಾಮರಾಜನಗರದವರು ಮೈಸೂರಿಗೆ, ಕಾರವಾರದ ಕಡೆಯವರು ಮಣಿಪಾಲ, ಮಂಗಳೂರು ಇಲ್ಲವೇ ಗೋವಾ ಹಾದಿ ಹಿಡಿಯಬೇಕು. ಹದಿನೈದು ನಿಮಿಷದ ಕೆಲಸಕ್ಕೆ ಜೊತೆಗೊಬ್ಬರನ್ನು ಕರೆದುಕೊಂಡು ಒಂದು ದಿನದ ಕೂಲಿ ಬಿಟ್ಟು ಬರುವುದು ಯಾರಿಗೂ ಹಗುರವಲ್ಲ. ಎಲ್ಲೂ ಏನೂ ನೋಯುತ್ತಿಲ್ಲವಾದರೆ ಕೇಳುವುದೇ ಬೇಡ, ಮುಂದಿನ ಸಲ ನೋಡೋಣ ಅನ್ನಿಸುತ್ತದೆ.

ಜಿಲ್ಲಾಸ್ಪತ್ರೆಯಲ್ಲಿ ತಿಂಗಳಿಗೊಂದು ದಿನ, ಉದಾಹರಣೆಗೆ ಎರಡನೇ ಮಂಗಳವಾರ, ನಾಲ್ಕೂ ಕಂಪನಿಗಳ ಪ್ರೋಗ್ರಾಮರ್ ಒಂದೇ ಕೋಣೆಗೆ ಬರುವಂತೆ ಮಾಡಿದರೆ ಸಾಕು. ಯಂತ್ರಗಳನ್ನು ಕೊಳ್ಳಬೇಕಿಲ್ಲ. ಸರ್ಕಾರಿ ಯೋಜನೆಯಡಿ ಸಾಧನ ಪೂರೈಸುವ ಕಂಪನಿಯೊಂದಿಗೆ ಮಾಡಿಕೊಳ್ಳುವ ಕರಾರಿನಲ್ಲೇ ಈ ಷರತ್ತು ಹಾಕಬಹುದು. ಒಂದು ಇಸಿಜಿ ಯಂತ್ರ, ತುರ್ತಿಗೆ ಶಾಕ್ ಕೊಟ್ಟು ಹೃದಯದ ಲಯ ಸರಿಪಡಿಸುವ ಡಿಫಿಬ್ರಿಲೇಟರ್, ಹೃದ್ರೋಗ ಗೊತ್ತಿರುವ ಒಬ್ಬ ವೈದ್ಯರು, ಒಬ್ಬ ತಂತ್ರಜ್ಞರು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಹಣದಲ್ಲಿ ಕೂರಿಸಿದ ಸಾಧನ ವರ್ಷಗಳ ಮೊದಲೇ ಖಾಲಿಯಾದರೆ ಬದಲಿಸುವ ಖರ್ಚೂ ಅದೇ ಬೊಕ್ಕಸದ್ದು, ಲೆಕ್ಕ ಕಷ್ಟದ್ದೇನಲ್ಲ.

ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿ ದೂರದ ತಜ್ಞರಿಗೆ ಹೋಗುತ್ತದೆ. ಒಳ್ಳೆಯ ಏರ್ಪಾಡು. ಆದರೆ ಪೇಸ್‌ಮೇಕರ್ ಬಡಿಸುತ್ತಿರುವ ಹೃದಯದ ಅಲೆ ಮೊದಲೇ ಅಗಲವಾಗಿರುತ್ತದೆ. ಅದರಲ್ಲಿ ಹೃದಯಾಘಾತ ಇಲ್ಲದೆಯೂ ಇದ್ದಂತೆ ಕಾಣಬಹುದು, ಇದ್ದದ್ದು ಮುಚ್ಚಿಹೋಗಲೂಬಹುದು. ಈಗಿನ ಸಾಧನಗಳ ಗೀಟು ಎಷ್ಟು ಸಣ್ಣದೆಂದರೆ ಕಾಗದದ ಮೇಲೆ ಕಾಣದೇ ಇರಬಹುದು. ಇಸಿಜಿ ಕಳಿಸುವವರು ಮೂಲೆಯಲ್ಲಿ ಪೆನ್ನಿನಿಂದ ‘ಪೇಸ್‌ಮೇಕರ್ ಇದೆ’ ಎಂದು ಬರೆದರೆ ದೊಡ್ಡ ಉಪಕಾರ.

ಅಳವಡಿಕೆಯ ದಿನ ಕೊಡುವ ಕಾರ್ಡಿನ ಬಗ್ಗೆ. ಕಂಪನಿ, ಮಾದರಿ, ಸಾಧನದ ಸೀರಿಯಲ್ ನಂಬರ್, ಪ್ರತಿ ಲೀಡಿನ ನಂಬರ್, ದಿನಾಂಕ, ಎಂಆರ್‌ಐ ಮಾಡಬಹುದೇ ಎಂಬ ವಿವರ ಅದರಲ್ಲಿರುತ್ತದೆ. ಎಲ್ಲವೂ ಇಂಗ್ಲಿಷಿನಲ್ಲಿ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ. ಅದನ್ನು ಬೀರುವಿನಲ್ಲಿ ಜಮೀನಿನ ಪತ್ರದೊಂದಿಗೆ ಬೀಗ ಹಾಕಿಡುವುದು ರೂಢಿ. ಅದು ಇರಬೇಕಾದದ್ದು ಜೇಬಿನಲ್ಲಿ. ಎರಡೂ ಬದಿಯ ಫೋಟೊ ತೆಗೆದು ಮನೆಯ ಮೂವರ ಮೊಬೈಲಿನಲ್ಲಿ ಇಡಿ. ಕನ್ನಡದಲ್ಲಿ ‘ನನಗೆ ಪೇಸ್‌ಮೇಕರ್ ಇದೆ, ಕನಿಷ್ಠ ಗತಿ 60, ಮುಂದಿನ ತಪಾಸಣೆ ಇಂಥ ತಿಂಗಳು’ ಎಂಬ ಮೂರು ಸಾಲನ್ನು ಆಸ್ಪತ್ರೆಯವರೇ ಅದರ ಹಿಂಬದಿ ಅಂಟಿಸಬೇಕೆಂಬುದು ನಮ್ಮ ಒತ್ತಾಯ. ಕಾರ್ಡ್ ಕಳೆದಿದ್ದರೆ ದಾರಿ ಇದೆ: ಎದೆಯ ಎಕ್ಸ್-ರೇ ತೆಗೆಸಿ ಸಾಧನದ ಭಾಗವನ್ನು ದೊಡ್ಡದು ಮಾಡಿ ನೋಡಿದರೆ ಕಂಪನಿಯ ಗುರುತು, ಸಂಕೇತಾಕ್ಷರ ಕಾಣುತ್ತದೆ. ಯಾವ ಯಂತ್ರ ತರಿಸಬೇಕೆಂದು ಅಷ್ಟರಿಂದಲೇ ಗೊತ್ತಾಗುತ್ತದೆ. ಸೀರಿಯಲ್ ನಂಬರಿನ ಬೆಲೆ ತಿಳಿಯುವುದು ಕಂಪನಿ ಯಾವುದಾದರೂ ಮಾದರಿಯಲ್ಲಿ ದೋಷವಿದೆಯೆಂದು ಪ್ರಕಟಿಸಿದಾಗ. 2007ರ ಅಕ್ಟೋಬರಿನಲ್ಲಿ ಮೆಡ್‌ಟ್ರಾನಿಕ್, ಐಸಿಡಿ ಎಂಬ ಶಾಕ್ ಸಾಧನಕ್ಕೆ ಬಳಸುತ್ತಿದ್ದ ತನ್ನ ಸ್ಪ್ರಿಂಟ್ ಫಿಡೆಲಿಸ್ ಲೀಡ್‌ಗಳ ಮಾರಾಟ ನಿಲ್ಲಿಸಿದಾಗ ಅವು ಜಗತ್ತಿನಲ್ಲಿ 2 ಲಕ್ಷಕ್ಕೂ ಹೆಚ್ಚು ಜನರ ಎದೆಯೊಳಗೆ ಇದ್ದವು. ನಂಬರ್ ಇದ್ದವರನ್ನು ಹುಡುಕಿ ಕರೆಸಬಹುದು, ಇಲ್ಲದವರನ್ನು ಹೇಗೆ ಕರೆಯುವುದು?

ಮೊದಲ ಕೆಲವು ವಾರದ ಎಚ್ಚರಿಕೆಗಳಲ್ಲಿ ಜನ ಎರಡು ತುದಿಗೆ ಹೋಗುತ್ತಾರೆ. ಸಾಧನ ಇರುವ ಬದಿಯ ಕೈಯನ್ನು ನಾಲ್ಕರಿಂದ ಆರು ವಾರ ಭುಜಕ್ಕಿಂತ ಮೇಲೆ ಎತ್ತಬಾರದು, ಕೊಡಪಾನ ಎತ್ತಬಾರದು, ಬಾವಿಯಿಂದ ನೀರು ಸೇದಬಾರದು. ಲೀಡಿನ ತುದಿ ಕಳಚಿಕೊಳ್ಳುವುದು ಈ ಅವಧಿಯಲ್ಲೇ. ಅದಕ್ಕೆ ಹೆದರಿ ಕೈಯನ್ನು ಎದೆಗೆ ಕಟ್ಟಿಕೊಂಡು ತಿಂಗಳುಗಟ್ಟಲೆ ಕೂತರೆ ಭುಜ ಹಿಡಿದುಕೊಳ್ಳುತ್ತದೆ. ಊಟ, ಸ್ನಾನ, ಬಟ್ಟೆ ಹಾಕಿಕೊಳ್ಳುವುದು ಎಲ್ಲ ಆ ಕೈಯಲ್ಲೇ ಆಗಲಿ. ಬಿಡದ ಬಿಕ್ಕಳಿಕೆಯನ್ನು ಅಜೀರ್ಣವೆಂದು ತಳ್ಳಿಹಾಕಬೇಡಿ. ಲೀಡ್ ಜರುಗಿ ಉಸಿರಾಟದ ಸ್ನಾಯುವಾದ ವಪೆಯನ್ನು ಕುಕ್ಕುತ್ತಿರಬಹುದು. ಚರ್ಮದ ಕೆಳಗೆ ಸಾಧನವನ್ನು ಬೆರಳಲ್ಲಿ ಹೊರಳಿಸುತ್ತ ಕೂರುವ ಚಟ ಕೆಲವರಿಗೆ. ಹಾಗೆ ತಿರುಗಿಸಿ ತಿರುಗಿಸಿ ಲೀಡನ್ನು ನೂಲಿನುಂಡೆಯಂತೆ ಸುತ್ತಿ ಹೃದಯದಿಂದಲೇ ಎಳೆದು ತೆಗೆದ ಎಕ್ಸ್-ರೇಗಳು ವೈದ್ಯಪುಸ್ತಕಗಳಲ್ಲಿವೆ.

ಸಾಧನದ ಮೇಲಿನ ಚರ್ಮ ಕೆಂಪಾದರೆ, ಬಿಸಿಯಾದರೆ, ತೆಳುವಾಗಿ ಲೋಹ ಮಿನುಗಿದರೆ, ಒಂದು ಹನಿ ಕೀವು ಕಂಡರೆ ಅರಿಶಿನ, ಸೊಪ್ಪಿನ ರಸ, ಅಂಗಡಿಯ ಮುಲಾಮು ಯಾವುದೂ ಬೇಡ. ಸ್ಥಳೀಯ ವೈದ್ಯರಲ್ಲೂ ವಿನಂತಿ: ಊದಿದ್ದನ್ನು ಸೂಜಿ ಚುಚ್ಚಿ ಹೀರಿ ನೋಡಬೇಡಿ. ಒಳಗಿದ್ದದ್ದು ಬರೀ ರಕ್ತವಾಗಿದ್ದರೆ ಸೂಜಿಯೇ ಕ್ರಿಮಿಯನ್ನು ಒಳಗೆ ಒಯ್ಯುತ್ತದೆ. ನಿಜಕ್ಕೂ ಸೋಂಕಾಗಿದ್ದರೆ ಮಾತ್ರೆಯಿಂದ ವಾಸಿಯಾಗುವುದಿಲ್ಲ, ಪೆಟ್ಟಿಗೆ ಲೀಡ್ ಎರಡೂ ಹೊರಬರಬೇಕು. ಲೀಡ್ ಹಳೆಯದಾದಷ್ಟೂ ಹೃದಯಕ್ಕೆ ಅಂಟಿಕೊಂಡಿರುತ್ತದೆ, ತೆಗೆಯುವುದು ಅಪಾಯದ ಕೆಲಸ. ಬೇಗ ತೋರಿಸಿ.

ಎಡಗೈಯಲ್ಲಿ ಕೆಲಸ ಮಾಡುವವರು, ಎಡಹೆಗಲಿನಲ್ಲಿ ಮೂಟೆ ಹೊರುವವರು, ಕೊಡಗಿನಲ್ಲಿ ಎಡಭುಜಕ್ಕೆ ಕೋವಿ ಆನಿಸುವವರು ಅಳವಡಿಕೆಗೆ ಮೊದಲೇ ಹೇಳಿಬಿಡಿ. ಸಾಮಾನ್ಯ ರೂಢಿಯ ಎಡಬದಿ ಬಿಟ್ಟು ಬಲಬದಿಯಲ್ಲೂ ಕೂರಿಸಬಹುದು.

ಮನೆಯಲ್ಲಿ ಹೆದರಬೇಕಾದ್ದಕ್ಕೆ ಹೆದರುವುದಿಲ್ಲ, ಬೇಡದ್ದಕ್ಕೆ ಹೆದರುತ್ತಾರೆ. ಮಿಕ್ಸಿ, ಟಿವಿ, ಫ್ರಿಜ್, ಮೈಕ್ರೊವೇವ್ ಯಾವುದೂ ತೊಂದರೆಯಿಲ್ಲ. ಮೊಬೈಲನ್ನು ಸಾಧನದಿಂದ 15 ಸೆಂ.ಮೀ. ದೂರವಿಡಿ, ಅಂದರೆ ಎದೆಜೇಬು ಬೇಡ. ಬೆನ್ನಲ್ಲಿ ಅಯಸ್ಕಾಂತವಿರುವ ಹೊಸ ಫೋನು, ಇಯರ್‌ಬಡ್ ಡಬ್ಬಿ ಆ ಕಡೆ ಬೇಡವೇ ಬೇಡ. ಇಂಡಕ್ಷನ್ ಒಲೆಯಿಂದ ಎರಡು ಅಡಿ ಅಂತರ. ನಿಜವಾದ ತಕರಾರು ಬೇರೆ ಕಡೆ ಇದೆ. ಮನೆಮನೆಗೆ ಬಂದು ಮಾರುವ ಅಯಸ್ಕಾಂತದ ಹಾಸಿಗೆ, ಸೊಂಟಪಟ್ಟಿ, ಬೆನ್ನುಪಟ್ಟಿ ಪೇಸ್‌ಮೇಕರ್ ಇರುವವರ ಮನೆಗೆ ಬರಬಾರದು. ಮೇಲೆ ಅಯಸ್ಕಾಂತ ಬಂದರೆ ಸಾಧನ ಹೃದಯದ ಮಾತು ಕೇಳುವುದನ್ನು ಬಿಟ್ಟು 85, 90, 100 ಹೀಗೆ ಕಂಪನಿ ನಿಗದಿಪಡಿಸಿದ ಗತಿಯಲ್ಲಿ ಬಡಿಯುತ್ತಲೇ ಇರುತ್ತದೆ. ಹೊಲದಲ್ಲಿ ಮುಟ್ಟಿದರೆ ಜುಮ್ಮೆನ್ನುವ ಪಂಪ್‌ಸೆಟ್ ಸ್ಟಾರ್ಟರ್, ಅರ್ಥಿಂಗ್ ಇಲ್ಲದ ವಾಟರ್ ಹೀಟರ್ ಇನ್ನೂ ಕೆಟ್ಟವು. ಸೋರುವ ಕರೆಂಟನ್ನು ಸಾಧನ ಹೃದಯದ ಬಡಿತವೆಂದೇ ತಪ್ಪು ತಿಳಿದು ತಾನು ಸುಮ್ಮನಾಗಬಹುದು. ಅರ್ಥಿಂಗ್ ಮಾಡಿಸುವುದು ಇಲ್ಲಿ ಹೃದಯದ ಚಿಕಿತ್ಸೆಯ ಭಾಗ. ಆರ್ಕ್ ವೆಲ್ಡಿಂಗ್ ಮಾಡುವವರು ತಪಾಸಣೆಯಲ್ಲಿ ಕೇಳದೆ ಕೆಲಸಕ್ಕೆ ಮರಳಬೇಡಿ. ಮೆಟ್ರೊ ನಿಲ್ದಾಣದ ಲೋಹಪತ್ತೆ ಬಾಗಿಲನ್ನು ನಿಲ್ಲದೆ ದಾಟಬಹುದು, ಕೈಯಲ್ಲಿ ಹಿಡಿಯುವ ಪಟ್ಟಿಯನ್ನು ಎದೆಯ ಮೇಲೆ ಆಡಿಸುತ್ತ ನಿಲ್ಲಲು ಬಿಡಬೇಡಿ. ಕಾರ್ಡ್ ತೋರಿಸಿ ಕೈಯಿಂದ ತಪಾಸಿಸಲು ಹೇಳಿ.

ನಾಡಿಯನ್ನು ಮನೆಯಲ್ಲೇ ಎಣಿಸುವುದು ಒಳ್ಳೆಯ ಅಭ್ಯಾಸ, ಪೂರ್ತಿ ಒಂದು ನಿಮಿಷ. ಆದರೆ ಬೆರಳಿನ ಆಕ್ಸಿಮೀಟರ್ 38 ತೋರಿಸಿತೆಂದು ಗಾಬರಿಯಾಗಿ ಓಡಿಬರುವವರಲ್ಲಿ ಸಾಧನ ಸರಿಯಾಗಿಯೇ ಇರುವುದುಂಟು. ನಡುನಡುವೆ ಬರುವ ಅವಸರದ ಬಡಿತ ಮಣಿಕಟ್ಟಿಗೆ ತಲುಪದೆ ಎಣಿಕೆ ಅರ್ಧಕ್ಕೆ ಇಳಿದಿರುತ್ತದೆ. ತಲೆಸುತ್ತಿಲ್ಲದಿದ್ದರೆ ಒಂದು ಇಸಿಜಿ ತೆಗೆಸಿದರೆ ಗೊತ್ತಾಗುತ್ತದೆ.

ಬೇರೆ ಶಸ್ತ್ರಕ್ರಿಯೆಗೆ ಹೋದಾಗ ಕಾಟರಿ (ಕರೆಂಟಿನಿಂದ ಕತ್ತರಿಸಿ ರಕ್ತ ನಿಲ್ಲಿಸುವ ಉಪಕರಣ) ಬಳಸುವವರಿಗೆ ತಿಳಿಸಿರಬೇಕು. ಕಾಟರಿಯ ವಿದ್ಯುತ್ ಎದೆಯನ್ನು ಹಾಯದಂತೆ ಪ್ಲೇಟನ್ನು ಅಂಟಿಸಬೇಕು, ಒಂದೊಂದು ಸಲಕ್ಕೆ ಐದು ಸೆಕೆಂಡು ಮೀರಬಾರದು. ಎಂಆರ್‌ಐಗೆ ಈಗಿನ ಅನೇಕ ಸಾಧನಗಳು ಒಪ್ಪುತ್ತವೆ, ಆದರೆ ಪೆಟ್ಟಿಗೆ ಮತ್ತು ಲೀಡ್ ಎರಡೂ ಒಪ್ಪಬೇಕು, ಕೂರಿಸಿ ಸಾಮಾನ್ಯವಾಗಿ ಆರು ವಾರವಾಗಿರಬೇಕು, ಹಳೆಯ ತುಂಡು ಲೀಡ್ ಒಳಗೆ ಉಳಿದಿರಬಾರದು. ಸ್ಕ್ಯಾನ್‌ಗೆ ಮೊದಲು ಎಂಆರ್‌ಐ ಮೋಡ್‌ಗೆ ಹಾಕಿ, ಮುಗಿದ ಮೇಲೆ ಮರಳಿ ತರಬೇಕು. ಈ ಎರಡನೆಯ ಅರ್ಧವನ್ನು ಮರೆತು ಮನೆಗೆ ಕಳಿಸುವ ತಪ್ಪು ಆಗಬಲ್ಲದು. ‘ಮೋಡ್ ವಾಪಸ್ ಹಾಕಿದ್ರಾ?’ ಎಂದು ರೋಗಿಯ ಕಡೆಯವರೇ ಕೇಳಲಿ. ಫಿಸಿಯೊಥೆರಪಿಯಲ್ಲಿ ವಿದ್ಯುತ್ ಅಲೆಯಿಂದ ಮೈಯೊಳಗೆ ಶಾಖ ಕೊಡುವ ಡಯಾಥರ್ಮಿ ಮಾತ್ರ ಯಾವ ಕಾರಣಕ್ಕೂ ಬೇಡ.

ದೇಹದೊಳಗೇ ಕೂರಿಸುವ ಡಿಫಿಬ್ರಿಲೇಟರ್ ಆದ ಐಸಿಡಿ ಬೇರೆಯದೇ ಜಾತಿ. ನೋಡಲು ಪೇಸ್‌ಮೇಕರ್‌ನ ದೊಡ್ಡಣ್ಣನಂತಿದ್ದರೂ ಅದರ ಮುಖ್ಯ ಕೆಲಸ ನಿಧಾನದ ಹೃದಯವನ್ನು ಓಡಿಸುವುದಲ್ಲ, ಹುಚ್ಚೆದ್ದು ಓಡುವ ಹೃತ್ಕುಕ್ಷಿಯನ್ನು ನಿಲ್ಲಿಸುವುದು. ಮಿಷೆಲ್ ಮಿರೋವ್ಸ್ಕಿ ರೂಪಿಸಿದ ಇದು ಮನುಷ್ಯರ ದೇಹಕ್ಕೆ ಮೊದಲು ಸೇರಿದ್ದು 1980ರ ಫೆಬ್ರುವರಿಯಲ್ಲಿ, ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ. ಸಾಧ್ಯವಿದ್ದರೆ ಮೊದಲು ನೋವಿಲ್ಲದ ವೇಗದ ಮಿಡಿತ ಕೊಟ್ಟು ತಡೆಯುತ್ತದೆ, ಆಗದಿದ್ದರೆ ಗರಿಷ್ಠ 35–40 ಜೂಲ್‌ನ ಶಾಕ್. ಎದೆಗೆ ಕುದುರೆ ಒದ್ದ ಹಾಗಿರುತ್ತದೆ. ಒಂದು ಶಾಕ್ ಬಂದು ಆಮೇಲೆ ಆರಾಮಾಗಿದ್ದರೆ ಅಂದೇ ತಪಾಸಣಾ ಕೇಂದ್ರಕ್ಕೆ ಫೋನ್ ಮಾಡಿ. ಒಂದೇ ದಿನ ಎರಡು ಬಂದರೆ, ಅಥವಾ ಒಂದೇ ಬಂದರೂ ಎದೆನೋವು, ಉಸಿರಾಟದ ತೊಂದರೆ, ಪ್ರಜ್ಞೆ ತಪ್ಪುವುದು ಇದ್ದರೆ ಕೂಡಲೇ ಆಂಬುಲೆನ್ಸ್. ಆ ಹೊತ್ತಿಗೆ ಮುಟ್ಟಿಕೊಂಡಿದ್ದವರಿಗೆ ಸ್ವಲ್ಪ ಜುಮ್ ಅನ್ನಬಹುದು, ಅಪಾಯವಿಲ್ಲ. ಶಸ್ತ್ರಕ್ರಿಯೆ ಕೋಣೆಯವರು ಒಂದು ಮಾತು ನೆನಪಿಡಬೇಕು: ಅಯಸ್ಕಾಂತ ಇಟ್ಟರೆ ಐಸಿಡಿಯ ಶಾಕ್ ನಿಲ್ಲುತ್ತದೆಯೇ ಹೊರತು, ಪೇಸ್‌ಮೇಕರ್‌ನಲ್ಲಿ ಆದಂತೆ ಅದು ಒಂದೇ ಗತಿಯಲ್ಲಿ ಬಡಿಸತೊಡಗುವುದಿಲ್ಲ. ಪೇಸ್‌ಮೇಕರ್ ಇರಲಿ, ಐಸಿಡಿ ಇರಲಿ, ಹೃದಯ ನಿಂತು ಬಿದ್ದವರಿಗೆ ಎದೆ ಒತ್ತಲು ಹಿಂಜರಿಯಬೇಡಿ. ಡಿಫಿಬ್ರಿಲೇಟರ್ ಪ್ಯಾಡನ್ನು ಉಬ್ಬಿನಿಂದ 8 ಸೆಂ.ಮೀ. ಆಚೆ ಅಂಟಿಸಿದರಾಯಿತು.

ಕೊನೆಯದಾಗಿ, ಯಾರೂ ಬಾಯಿ ಬಿಡದ ವಿಷಯ. ಪೇಸ್‌ಮೇಕರ್ ಇದ್ದರೆ ಜೀವ ಹೋಗುವುದಿಲ್ಲ, ನರಳುತ್ತ ಉಳಿಯುತ್ತಾರೆ ಎಂಬ ಭಯ ಹಳ್ಳಿಯಲ್ಲೂ ಇದೆ, ಪಟ್ಟಣದಲ್ಲೂ ಇದೆ. ಸುಳ್ಳು. ಸತ್ತ ಸ್ನಾಯು ಮಿಡಿತಕ್ಕೆ ಓಗೊಡುವುದಿಲ್ಲ. ಸಾಧನ ಗೀಟು ಕೊಡುತ್ತಿರುತ್ತದೆ, ಅಷ್ಟೇ. ಐಸಿಡಿ ಇರುವವರು ಕೊನೆಯ ಹಂತದಲ್ಲಿದ್ದರೆ ಮಾತ್ರ ಮನೆಯವರು ವೈದ್ಯರೊಂದಿಗೆ ಕೂತು ಶಾಕ್ ಆಫ್ ಮಾಡಿಸುವ ಮಾತಾಡಬೇಕು. ಸಾಯುವ ಹೊತ್ತಿನಲ್ಲಿ ಪದೇ ಪದೇ ಶಾಕ್ ತಿನ್ನಿಸುವುದರಲ್ಲಿ ಅರ್ಥವಿಲ್ಲ.

ದಹನ ಮಾಡುವವರು ಸಾಧನವನ್ನು ತೆಗೆಸಲೇಬೇಕು. ಬಿಸಿಗೆ ಬ್ಯಾಟರಿಯೊಳಗೆ ಅನಿಲ ಉಬ್ಬಿ ಮುಚ್ಚಿದ ಟೈಟಾನಿಯಂ ಕವಚ ಪಟಾಕಿಯಂತೆ ಸಿಡಿಯುತ್ತದೆ. 1976ರಲ್ಲಿ ಇಂಗ್ಲೆಂಡಿನ ಸಾಲಿಹಲ್‌ನ ಚಿತಾಗಾರದಲ್ಲಿ ಹೀಗಾಯಿತು. ಇಂದು ಅಲ್ಲಿ ದಹನದ ಕಾಗದಪತ್ರಗಳಲ್ಲೇ ಇದರ ಬಗ್ಗೆ ಪ್ರಶ್ನೆ ಇದೆ. ವಿದ್ಯುತ್ ಚಿತಾಗಾರದಲ್ಲಿ ಹಾಳಾಗುವುದು ಒಳಗಿನ ಇಟ್ಟಿಗೆ, ಬಾಗಿಲು. ಸೌದೆಯ ಚಿತೆಯಲ್ಲಾದರೆ ನಾಲ್ಕು ಹೆಜ್ಜೆ ದೂರದಲ್ಲಿ ಮಕ್ಕಳು ಮೊಮ್ಮಕ್ಕಳು ನಿಂತಿರುತ್ತಾರೆ. ಹೂಳುವ ಪದ್ಧತಿಯವರಿಗೆ ಈ ತಾಪತ್ರಯವಿಲ್ಲ. ತೆಗೆಯುವುದು ಹತ್ತು ನಿಮಿಷದ ಕೆಲಸ: ಹಳೆಯ ಗಾಯದ ಗುರುತಿನ ಮೇಲೇ ಸಣ್ಣ ಗೀರು, ಪೆಟ್ಟಿಗೆ ಹೊರಗೆ, ಲೀಡ್ ಕತ್ತರಿಸಿ ಎರಡು ಹೊಲಿಗೆ. ಆದರೆ ಐಸಿಡಿಯನ್ನು ಮೊದಲು ಪ್ರೋಗ್ರಾಮರ್‌ನಿಂದ ಆಫ್ ಮಾಡದೆ ಲೀಡ್ ಕತ್ತರಿಸಿದರೆ ಅದರ ಗದ್ದಲವನ್ನೇ ಹೃದಯದ ಹುಚ್ಚೋಟವೆಂದು ತಿಳಿದು ಕತ್ತರಿಸುವವರ ಕೈಗೇ ಪೂರ್ತಿ ಶಾಕ್ ಕೊಟ್ಟೀತು. ಆದ್ದರಿಂದ ಇದು ಚಿತಾಗಾರದ ಸಿಬ್ಬಂದಿಯ ಕೈಗೆ ಬ್ಲೇಡ್ ಕೊಟ್ಟು ಮಾಡಿಸುವ ಕೆಲಸವಲ್ಲ. ಆಸ್ಪತ್ರೆಯಲ್ಲಿ ತೀರಿಕೊಂಡರೆ ದೇಹ ಹೊರಡುವ ಮೊದಲೇ ಕೇಳಿ. ಮನೆಯಲ್ಲಾದರೆ ಹತ್ತಿರದ ಸರ್ಕಾರಿ ವೈದ್ಯರಿಗೆ ಕಾರ್ಡ್ ತೋರಿಸಿ. ತೆಗೆದದ್ದನ್ನು ಕಸಕ್ಕೆ ಹಾಕದೆ ಆಸ್ಪತ್ರೆಗೇ ಒಪ್ಪಿಸಿ.

ನಗರಪಾಲಿಕೆಗಳು ಚಿತಾಗಾರದ ರಸೀದಿಯಲ್ಲಿ ‘ಮೃತರ ದೇಹದಲ್ಲಿ ಪೇಸ್‌ಮೇಕರ್ ಅಥವಾ ಐಸಿಡಿ ಇದೆಯೇ? ತೆಗೆಸಲಾಗಿದೆಯೇ?’ ಎಂಬ ಒಂದು ಸಾಲು ಅಚ್ಚು ಹಾಕಿಸಲಿ. ಮರಣ ದೃಢೀಕರಿಸುವ ವೈದ್ಯರು ಉಡುಪನ್ನು ಸರಿಸಿ ಕಾಲರ್ ಮೂಳೆಯ ಕೆಳಗೆ, ಎರಡೂ ಬದಿ, ಒಮ್ಮೆ ಕೈಯಾಡಿಸಿ ನೋಡಲಿ.

– ಹೃದಯ ಸಾಧನ ತಪಾಸಣೆಯ ತಂತ್ರಜ್ಞರು, ಮೈಸೂರು